ಬೊಕೆ: ಚಾನೆಲ್‌ಗಳ ಕಟ್ಟು ಬಿಚ್ಚಿದ್ದು ಯಾರು?

ಕೇಬಲ್ ಬಿಲ್ಲಿನಲ್ಲೋ, ಡಿಶ್ ರೀಚಾರ್ಜ್ ಮಾಡುವ ಆ್ಯಪಿನಲ್ಲೋ ‘ಬೊಕೆ’ ಅನ್ನೋ ಪದ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಹಲವು ಚಾನೆಲ್‌ಗಳನ್ನು ಒಟ್ಟು ಸೇರಿಸಿ ಒಂದೇ ಬೆಲೆಗೆ ಮಾರುವ ಕಟ್ಟಿಗೆ ಟೀವಿ ವ್ಯವಹಾರದಲ್ಲಿ ಬೊಕೆ ಅನ್ನುತ್ತಾರೆ. ಕೇಬಲ್‌ನವರ ಬಾಯಲ್ಲೂ ನಮ್ಮ ಬಾಯಲ್ಲೂ ಅದು ‘ಪ್ಯಾಕ್’. ಬೇಕಾದ ಚಾನೆಲ್ ಮಾತ್ರ ಬಿಡಿಯಾಗಿ ಕೊಳ್ಳುವುದು ‘ಅಲಾಕಾರ್ಟ್’.

ಒಟಿಟಿ, ಅಂದರೆ ಇಂಟರ್ನೆಟ್ಟಿನಲ್ಲಿ ಸಿನಿಮಾ, ಸೀರಿಯಲ್ ತೋರಿಸುವ ಆ್ಯಪುಗಳು ಬಂದು ಕೇಬಲ್ ಟೀವಿಗೆ ಏನಾಯಿತು ಅಂತ ಕೇಳಿದರೆ ಎಲ್ಲರೂ ಮೊಬೈಲು, ಇಂಟರ್ನೆಟ್ಟು ಅಂತಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದ್ದು ಬೊಕೆಯಿಂದ. ಕೇಬಲ್ ನಿಂತಿದ್ದೇ ಅದರ ಮೇಲೆ. ಏಟು ಬಿದ್ದಿದ್ದೂ ಅದಕ್ಕೇ.

ಮೊದಲು, ಬೊಕೆ ಯಾಕೆ ಲಾಭ ಅನ್ನುವ ಲೆಕ್ಕ. ಎದುರುಮನೆ ಅಜ್ಜಿಗೆ ಸೀರಿಯಲ್ ಚಾನೆಲ್ ಅಂದರೆ ಪ್ರಾಣ, ಅದಕ್ಕೆ 40 ರೂಪಾಯಿ ಕೊಡಲು ತಯಾರು. ಕ್ರಿಕೆಟ್ ಚಾನೆಲ್‌ಗೆ 10 ರೂಪಾಯಿ ಕೊಟ್ಟರೆ ಹೆಚ್ಚು. ಮೇಲಿನ ಮನೆ ಹುಡುಗನದು ಉಲ್ಟಾ: ಕ್ರಿಕೆಟ್‌ಗೆ 40, ಸೀರಿಯಲ್‌ಗೆ 10. ಕಂಪನಿ ಎರಡಕ್ಕೂ ತಲಾ 40 ಇಟ್ಟರೆ ಅಜ್ಜಿ ಒಂದು, ಹುಡುಗ ಒಂದು ಕೊಳ್ಳುತ್ತಾರೆ. ಒಟ್ಟು 80 ರೂಪಾಯಿ. ತಲಾ 10 ಇಟ್ಟರೆ ಇಬ್ಬರೂ ಎರಡನ್ನೂ ಕೊಳ್ಳುತ್ತಾರೆ, ಆದರೆ ಬರುವುದು ಬರೀ 40. ಎರಡನ್ನೂ ಕಟ್ಟಿ 50ಕ್ಕೆ ಮಾರಿದರೆ? ಇಬ್ಬರೂ ಕೊಳ್ಳುತ್ತಾರೆ. ಗಲ್ಲಾಪೆಟ್ಟಿಗೆಗೆ 100 ಬಿತ್ತು. ಇಬ್ಬರಿಗೂ ಎರಡು ಚಾನೆಲ್ ಸಿಕ್ಕಿತು, ಮೋಸ ಹೋದೆ ಅಂತ ಯಾರಿಗೂ ಅನಿಸಲಿಲ್ಲ.

ಇದರ ಮೇಲೆ ಜಾಹೀರಾತಿನ ದುಡ್ಡು ಬೇರೆ. ಯಾರೂ ನೋಡದ ಚಾನೆಲ್ ಕೂಡ ಪ್ಯಾಕಿನಲ್ಲಿ ಸೇರಿಕೊಂಡರೆ ಲಕ್ಷಾಂತರ ಮನೆಗೆ ಹೋಗುತ್ತದೆ. ‘ನಮ್ಮ ಚಾನೆಲ್ ಇಷ್ಟು ಮನೆಗಳಲ್ಲಿದೆ’ ಅಂತ ಜಾಹೀರಾತುದಾರರಿಗೆ ತೋರಿಸಬಹುದು. ಹಾಗಾಗಿ ಗಟ್ಟಿ ಚಾನೆಲ್ ಒಂದರ ಬೆನ್ನಿಗೆ ಜೊಳ್ಳು ಹತ್ತನ್ನು ಕಟ್ಟುವುದು ಈ ವ್ಯವಹಾರದ ಹಳೇ ಚಾಳಿ.

1990ರ ದಶಕದಲ್ಲಿ ಇಷ್ಟೆಲ್ಲ ಲೆಕ್ಕವೇ ಇರಲಿಲ್ಲ. ಉದಯ ಟೀವಿ ಶುರುವಾದದ್ದು 1994ರಲ್ಲಿ. ಆಗ ಕಂಬದಿಂದ ಕಂಬಕ್ಕೆ ಎಳೆದ ಒಂದು ವೈರು, ಅದರಲ್ಲಿ ಬಂದದ್ದೆಲ್ಲ ಎಲ್ಲರಿಗೂ. ತಿಂಗಳಿಗೊಮ್ಮೆ ಕೇಬಲ್ ಹುಡುಗ ಬಂದು ದುಡ್ಡು ವಸೂಲಿ ಮಾಡಿಕೊಂಡು ಹೋಗುತ್ತಿದ್ದ. ಒಂದು ಮನೆಗೆ ಒಂದು ಚಾನೆಲ್ ಮಾತ್ರ ನಿಲ್ಲಿಸುವುದು ಆ ವೈರಿನಲ್ಲಿ ಆಗುವ ಕೆಲಸವಾಗಿರಲಿಲ್ಲ. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಅದು ಸಾಧ್ಯವಾಯಿತು. ಬೆಂಗಳೂರು, ಮೈಸೂರುಗಳಿಗೆ ಬಾಕ್ಸ್ ಹಾಕಿಸಿಕೊಳ್ಳಲು ಕೊಟ್ಟಿದ್ದ ಗಡುವು 2013ರ ಮಾರ್ಚ್ 31.

ಬಾಕ್ಸ್ ಬಂತು, ಆದರೆ ಪ್ಯಾಕು ಹೋಗಲಿಲ್ಲ. ಕೊನೆಗೆ ಟೆಲಿಕಾಂ, ಟೀವಿ ದರಗಳ ನಿಯಂತ್ರಣ ಸಂಸ್ಥೆ ಟ್ರಾಯ್ ಕೈ ಹಾಕಿತು. 2019ರ ಫೆಬ್ರವರಿ 1ರಿಂದ ಹೊಸ ದರ ನಿಯಮ ಜಾರಿಗೆ ಬಂತು. ಪ್ರತಿ ಪೇ ಚಾನೆಲ್‌ಗೂ (ದುಡ್ಡು ಕೊಟ್ಟು ನೋಡುವ ಚಾನೆಲ್) ಬಿಡಿ ಬೆಲೆ ಪ್ರಕಟಿಸಬೇಕು, ನೋಡುಗರು ತಮಗೆ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಬಹುದು ಅಂತ. ಆ ದಿನಗಳು ನೆನಪಿದೆಯಾ? ಕೇಬಲ್‌ನವರು ಉದ್ದದ ಪಟ್ಟಿ ಹಂಚಿ ‘ಬೇಕಾದ್ದಕ್ಕೆ ಟಿಕ್ ಹಾಕಿ ಕೊಡಿ’ ಅಂತಿದ್ದರು. ನೂರು ಚಾನೆಲ್‌ವರೆಗೆ 130 ರೂಪಾಯಿ ಮೂಲ ಶುಲ್ಕ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನೆಲ್‌ಗಳ ಬೆಲೆ ಅದರ ಮೇಲೆ.

ಕಾಗದದ ಮೇಲೆ ಇದು ನೋಡುಗರ ಕೈಗೆ ಕೊಟ್ಟ ಕೀಲಿಕೈ. ನಡೆದದ್ದು ಬೇರೆ. ಬೊಕೆಗೆ ಸೇರಿಸುವ ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ದಾಟಬಾರದು ಅಂತ ನಿಯಮ ಇತ್ತು. ಜನ ಜಾಸ್ತಿ ನೋಡುವ ಎಷ್ಟೋ ಚಾನೆಲ್‌ಗಳು ಸರಿಯಾಗಿ 19ಕ್ಕೇ ಬಂದು ಕೂತವು. ಅಂಥ ನಾಲ್ಕು ಚಾನೆಲ್ ಬಿಡಿಯಾಗಿ ಕೊಂಡರೆ 76 ರೂಪಾಯಿ. ಅದೇ ನಾಲ್ಕರ ಜೊತೆಗೆ ಇನ್ನೂ ಹತ್ತು ಹದಿನೈದು ಸೇರಿಸಿದ ಪ್ಯಾಕು ಅದಕ್ಕಿಂತ ಕಡಿಮೆಗೆ ಸಿಗುತ್ತಿದ್ದರೆ ನೀವೇನು ಮಾಡುತ್ತೀರಿ? ಪ್ಯಾಕೇ ತಗೋತೀರಿ, ಅಲ್ವಾ? ಬೊಕೆ ರಿಯಾಯಿತಿ 15 ಶೇಕಡ ಮೀರಬಾರದು ಅಂತ ಟ್ರಾಯ್ ಹಾಕಿದ್ದ ಮಿತಿಯನ್ನು ಮದ್ರಾಸ್ ಹೈಕೋರ್ಟ್ 2018ರಲ್ಲೇ ತೆಗೆದುಹಾಕಿತ್ತು. ನಿಯಮದ ಹಲ್ಲು ಕಿತ್ತಂತಾಯಿತು. ಮತ್ತೆ 2020ರಲ್ಲಿ ತಿದ್ದುಪಡಿ, ಮತ್ತೆ ಕೋರ್ಟು, 2022ರ ನವೆಂಬರ್‌ನಲ್ಲಿ ಇನ್ನೊಂದು ತಿದ್ದುಪಡಿ: ರಿಯಾಯಿತಿ 45 ಶೇಕಡದವರೆಗೆ ಇರಬಹುದು. ಅದರ ಬೆನ್ನಿಗೇ 2023ರ ಫೆಬ್ರವರಿಯಲ್ಲಿ ದರದ ಜಗಳ ಮುಗಿಲಿಗೇರಿ, ಚಾನೆಲ್ ನಡೆಸುವ ದೊಡ್ಡ ಬ್ರಾಡ್‌ಕಾಸ್ಟರ್‌ಗಳು ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸಿಗ್ನಲ್ಲನ್ನೇ ನಿಲ್ಲಿಸಿದ್ದವು. ದುಡ್ಡು ಕಟ್ಟಿದ್ದ ನೋಡುಗರು ಖಾಲಿ ಪರದೆ ನೋಡುತ್ತಾ ಕೂತರು.

ನಿಯಮದಿಂದ ಬಿಚ್ಚದ ಗಂಟನ್ನು ಸಡಿಲ ಮಾಡಿದ್ದು ಸ್ಟ್ರೀಮಿಂಗ್. 2015ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್ ಬಂತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೋ. ನಡುವೆ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಬೆಲೆ ನೆಲಕ್ಕಿಳಿಯಿತು. ಇಲ್ಲಿ ಚಾನೆಲ್ ಅನ್ನುವುದೇ ಇಲ್ಲ. ಒಂದು ಸೀರಿಯಲ್, ಒಂದು ಸಿನಿಮಾ, ಒಂದು ಮ್ಯಾಚು, ಅಷ್ಟೇ. ಏಳೂವರೆಗೆ ಟೀವಿ ಮುಂದೆ ಕೂರಲೇಬೇಕು ಅಂತಿಲ್ಲ. ಕೆಲವು ಕನ್ನಡ ಸೀರಿಯಲ್‌ಗಳ ಕಂತು ಟೀವಿಗಿಂತ ಮೊದಲೇ ಆ್ಯಪಿನಲ್ಲಿ ಬರುತ್ತದೆ, ಚಂದಾ ಕಟ್ಟಿದವರಿಗೆ. 2022ರಲ್ಲಿ ಬಿಗ್‌ಬಾಸ್‌ನ ಒಂದು ಕನ್ನಡ ಆವೃತ್ತಿ ವೂಟ್ ಆ್ಯಪಿಗೆಂದೇ ನಡೆಯಿತು.

ದೊಡ್ಡ ಏಟು ಕೊಟ್ಟದ್ದು ಮಾತ್ರ ಕ್ರಿಕೆಟ್. ಪ್ಯಾಕು ಕೊಳ್ಳಲು ಕ್ರಿಕೆಟ್ಟೇ ಕಾರಣ ಅನ್ನುವ ಮನೆಗಳು ಎಷ್ಟೋ. 2022ರ ಜೂನ್‌ನಲ್ಲಿ ಐಪಿಎಲ್ ಹಕ್ಕು ಹರಾಜಾದಾಗ ಟೀವಿ ಒಬ್ಬರಿಗೆ, ಡಿಜಿಟಲ್ ಇನ್ನೊಬ್ಬರಿಗೆ ಹೋಯಿತು. ಐದು ವರ್ಷದ ಟೀವಿ ಹಕ್ಕಿಗೆ 23,575 ಕೋಟಿ, ಡಿಜಿಟಲ್‌ಗೆ 20,500 ಕೋಟಿ. 2023ರಲ್ಲಿ ಜಿಯೋಸಿನಿಮಾ ಇಡೀ ಟೂರ್ನಿಯನ್ನು ಪುಕ್ಕಟೆ ತೋರಿಸಿತು, ಕನ್ನಡ ಕಾಮೆಂಟರಿಯನ್ನೂ ಸೇರಿಸಿ. ಆರ್‌ಸಿಬಿ ಮ್ಯಾಚಿಗೋಸ್ಕರ ಬಾಕ್ಸ್ ರೀಚಾರ್ಜ್ ಮಾಡಿಸುವ ದರ್ದು ಆ ವರ್ಷ ಯಾರಿಗೂ ಇರಲಿಲ್ಲ.

ಇದರ ಪರಿಣಾಮ ಲೆಕ್ಕದಲ್ಲೂ ಕಾಣುತ್ತದೆ. ಟ್ರಾಯ್ ಪ್ರಕಾರ ದುಡ್ಡು ಕಟ್ಟುವ ಡಿಟಿಎಚ್ (ಡಿಶ್) ಗ್ರಾಹಕರು 2020ರ ಕೊನೆಗೆ 7 ಕೋಟಿ ದಾಟಿದ್ದರು, 2024ರ ಮಾರ್ಚ್ ಹೊತ್ತಿಗೆ ಸುಮಾರು 6.2 ಕೋಟಿಗೆ ಇಳಿದರು. ಎಲ್ಲರೂ ಒಟಿಟಿಗೇ ಹೋದರು ಅಂತಲ್ಲ. ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ಗೆ ಹೋದವರೂ ಇದ್ದಾರೆ. ಅಮೆರಿಕದಲ್ಲಿ ಹೀಗೆ ಕೇಬಲ್ ಬಿಡುವುದಕ್ಕೆ ‘ಕಾರ್ಡ್ ಕಟಿಂಗ್’ (ವೈರು ಕತ್ತರಿಸುವುದು) ಅನ್ನುತ್ತಾರೆ. ಅಲ್ಲಿ ಈ ಬದಲಾವಣೆ ಇನ್ನೂ ಮುಂದೆ ಹೋಗಿದೆ. ಜನ ಏನು ನೋಡುತ್ತಾರೆ ಅಂತ ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ 2022ರ ಜುಲೈನಲ್ಲಿ ಸ್ಟ್ರೀಮಿಂಗ್ ನೋಡುವ ಸಮಯ ಮೊದಲ ಸಲ ಕೇಬಲ್ಲನ್ನು ಹಿಂದೆ ಹಾಕಿತು.

ಬೊಕೆ ಒಡೆದದ್ದು ಒಳ್ಳೆಯದೇ ಆಯ್ತಲ್ಲ ಅಂತ ಅನಿಸಬಹುದು. ಕನ್ನಡದ ಮಟ್ಟಿಗೆ ನನಗೆ ಅಷ್ಟು ಧೈರ್ಯ ಇಲ್ಲ. ಕೇಬಲ್ ಕಾಲದಲ್ಲಿ ಕರ್ನಾಟಕದ ಮನೆಗಳಿಗೆ ಪ್ಯಾಕು ಮಾರಬೇಕಾದರೆ ಅದರಲ್ಲಿ ಗಟ್ಟಿಯಾದ ಒಂದು ಕನ್ನಡ ಚಾನೆಲ್ ಇರಲೇಬೇಕಿತ್ತು. ಜೀ, ಸ್ಟಾರ್, ಕಲರ್ಸ್, ಸನ್ ಬಳಗಗಳೆಲ್ಲ ಕನ್ನಡದಲ್ಲಿ ದುಡ್ಡು ಹಾಕಿದ್ದಕ್ಕೆ ಇದೂ ಒಂದು ಕಾರಣ. ಒಟಿಟಿಗೆ ಆ ಅನಿವಾರ್ಯ ಇಲ್ಲ. ಬೆಂಗಳೂರಿನ ಗ್ರಾಹಕ ಹಿಂದಿ, ತಮಿಳು, ಮಲಯಾಳಂ ನೋಡಿಕೊಂಡೇ ಚಂದಾ ಕಟ್ಟುತ್ತಾನೆ ಅಂತ ಅವರಿಗೆ ಗೊತ್ತು. ‘ಏಕಂ’ ಅನ್ನುವ ಕನ್ನಡ ವೆಬ್ ಸರಣಿಯನ್ನು ಯಾವ ದೊಡ್ಡ ಒಟಿಟಿಯೂ ಕೊಳ್ಳದೆ, ತಯಾರಿಸಿದವರೇ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು.

ಇಷ್ಟರಲ್ಲೇ ಕಟ್ಟು ಮತ್ತೆ ಶುರುವಾಗಿದೆ. ಒಂದು ಆ್ಯಪು ಹೋಗಿ ಆರಾದವು. ಆರಕ್ಕೂ ಬೇರೆ ಬೇರೆ ಚಂದಾ, ಬೇರೆ ಪಾಸ್‌ವರ್ಡ್, ಯಾವ ಸಿನಿಮಾ ಎಲ್ಲಿದೆ ಅಂತ ಹುಡುಕಾಟ. ಆಗ ‘ಎಲ್ಲ ಸೇರಿಸಿ ಒಂದೇ ಬೆಲೆ’ ಅನ್ನುವವರು ಬಂದೇ ಬರುತ್ತಾರೆ. ಫೈಬರ್ ಇಂಟರ್ನೆಟ್ ಪ್ಲಾನಿನ ಜೊತೆ ಹತ್ತಾರು ಒಟಿಟಿ ಕೊಡುತ್ತಾರೆ. ಟಾಟಾ ಪ್ಲೇ ‘ಬಿಂಜ್’ ಅಂತ ಆ್ಯಪುಗಳದ್ದೇ ಪ್ಯಾಕು ಮಾಡಿದೆ. ಫೈಬರ್ ಎಳೆಯಲು ಬರುವವನು ಎಷ್ಟೋ ಕಡೆ ಹಳೇ ಕೇಬಲ್‌ನವನೇ. ಹಾಟ್‌ಸ್ಟಾರ್, ಜಿಯೋಸಿನಿಮಾ ಎರಡೂ ಸೇರಿ 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆದವು. ಆ ವರ್ಷದ ಐಪಿಎಲ್ ಹೊತ್ತಿಗೆ 299 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿಯ ಜಿಯೋ ರೀಚಾರ್ಜ್ ಮಾಡಿಸಿದವರಿಗೆ 90 ದಿನ ಅದು ಸೇರಿಯೇ ಬಂತು. ಸುಮ್ನೆ ನೋಡಿದರೆ ಪುಕ್ಕಟೆ. ಲೆಕ್ಕ ಹಾಕಿದರೆ ಅಜ್ಜಿಗೂ ಹುಡುಗನಿಗೂ 50 ರೂಪಾಯಿಗೆ ಮಾರಿದ್ದ ಅದೇ ಕಟ್ಟು.

ಎರಡಕ್ಕೂ ಇರುವ ಒಂದು ವ್ಯತ್ಯಾಸ ತಿಳಿದಿರಲಿ. ಕೇಬಲ್ ಪ್ಯಾಕಿನಲ್ಲಿ ನೋಡದ ಚಾನೆಲ್‌ಗಳು ತುಂಬಿಕೊಂಡಿದ್ದರೆ ‘ಪ್ಯಾಕು ತೆಗೀರಿ, ಇಷ್ಟು ಚಾನೆಲ್ ಮಾತ್ರ ಹಾಕಿ’ ಅಂತ ನೀವು ಈಗಲೂ ಕೇಳಬಹುದು. ಕೇಬಲ್‌ನವರು ಇಲ್ಲ ಅನ್ನುವ ಹಾಗಿಲ್ಲ, ಪ್ರತಿ ಚಾನೆಲ್‌ಗೂ ಬಿಡಿ ಬೆಲೆ ಪ್ರಕಟವಾಗಿರುತ್ತದೆ. ಒಟಿಟಿ ಪ್ಯಾಕಿಗೆ ಟ್ರಾಯ್‌ನ ಆ ದರ ನಿಯಮ ಅನ್ವಯಿಸುವುದಿಲ್ಲ. ಅಂಥ ಮೊಬೈಲ್ ರೀಚಾರ್ಜಿನ ದುಡ್ಡಿನಲ್ಲಿ ಡೇಟಾಗೆ ಎಷ್ಟು, ಆ್ಯಪಿಗೆ ಎಷ್ಟು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ‘ಆ್ಯಪು ಬೇಡ, ಆ ದುಡ್ಡು ಕಡಿಮೆ ಮಾಡಿ’ ಅಂತ ಕೇಳಲು ಅಲ್ಲಿ ಜಾಗವೂ ಇಲ್ಲ.