ಕೂಗಿ ಕೇಳುವ ವಿಧಾನ: ಭೂಮಿಯ ಕಾಂತಗೋಳದ ರೇಡಿಯೊ ಶೋಧದ ಹಿನ್ನೆಲೆ

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಗಸ ಕೆಂಪೇರಿದ್ದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳು ಸೆರೆಹಿಡಿದವು. ಆ ಬಣ್ಣವನ್ನು ಕಂಡು ಎಲ್ಲರೂ ಬೆರಗಾದರು. ಅದೇ ಹೊತ್ತಿನಲ್ಲಿ, ಅದಕ್ಕಿಂತ ಬಹಳ ಮೇಲೆ, ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ವಲಯವಾದ ಕಾಂತಗೋಳದೊಳಗೆ, ಯಾವ ಕ್ಯಾಮೆರಾಕ್ಕೂ ಸಿಗದಂತೆ ಇನ್ನೊಂದು ಬದಲಾವಣೆ ನಡೆದಿತ್ತು. ಎರಡಕ್ಕೂ ಕಾರಣ ಕಾಂತ ಬಿರುಗಾಳಿ, ಅಂದರೆ ಸೂರ್ಯನ ಸ್ಫೋಟಗಳಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಏಳುವ ಕ್ಷೋಭೆ. ಭೂಮಿಯ ಕಾಂತರೇಖೆಗಳು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿರುವ ತಣ್ಣನೆಯ ಪ್ಲಾಸ್ಮಾದ (ವಿದ್ಯುದಾವೇಶವುಳ್ಳ ಕಣಗಳ ಅನಿಲದ) ಹೊದಿಕೆ, ಅಂದರೆ ಪ್ಲಾಸ್ಮಾಗೋಳ, ಸುಮಾರು 44,000 ಕಿ.ಮೀ. ಎತ್ತರದಿಂದ 9,600 ಕಿ.ಮೀ.ಗೆ ಕುಗ್ಗಿತ್ತು. ಅದು ಮತ್ತೆ ತುಂಬಿಕೊಳ್ಳಲು ನಾಲ್ಕು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತೆಂದು ಜಪಾನಿನ ಅರಾಸೆ ನೌಕೆಯ ಅಳತೆಗಳು ತೋರಿಸಿದವು.

ಗೊಂದಲ ಶುರುವಾಗುವುದು ಇಲ್ಲಿಯೇ. 2001ರ ಮಾರ್ಚ್ 31ರ ಕಾಂತ ಬಿರುಗಾಳಿಯಲ್ಲಿ ಇದೇ ರೀತಿ ಬರಿದಾದ ಕಾಂತರೇಖೆಗಳು 28 ಗಂಟೆಗಳೊಳಗೆ ತುಂಬಿಕೊಂಡಿದ್ದವೆಂದು ಅಮೆರಿಕದ ಇಮೇಜ್ ನೌಕೆಯ ಅಳತೆಗಳಿಂದ ಲೆಕ್ಕ ಹಾಕಲಾಗಿತ್ತು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟವರು ಒಂದಾದರೂ ತಪ್ಪಿರಬೇಕೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಬಿರುಗಾಳಿಗಳೂ ಬೇರೆ, ಭೂಮಿಯಿಂದ ಇರುವ ದೂರವೂ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ಅಳೆದ ವಿಧಾನವೇ ಬೇರೆ. ಅರಾಸೆ ತಾನು ಹಾದುಹೋಗುವ ಜಾಗದ ಪ್ಲಾಸ್ಮಾವನ್ನು ಅಳೆಯುತ್ತದೆ. ಇಮೇಜ್ ಇದ್ದಲ್ಲಿಂದಲೇ ದೂರಕ್ಕೆ ರೇಡಿಯೊ ಅಲೆಗಳನ್ನು ಕಳಿಸಿ, ಅವುಗಳ ಪ್ರತಿಧ್ವನಿಗೆ ಕಿವಿಗೊಡುತ್ತಿತ್ತು.

ಈ ವಿಧಾನದ ಬೇರು 1925ರಲ್ಲಿದೆ. ಅಮೆರಿಕದ ಭೌತವಿಜ್ಞಾನಿಗಳಾದ ಬ್ರೈಟ್ ಮತ್ತು ಟೂವ್ ಆ ವರ್ಷ ನೆಲದಿಂದ ರೇಡಿಯೊ ತುಣುಕುಗಳನ್ನು ಮೇಲಕ್ಕೆ ಕಳಿಸಿ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿರುವ ಪ್ಲಾಸ್ಮಾ ಪದರದ, ಎತ್ತರವನ್ನು ಅಳೆದರು. ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆಯೋ ಅದಕ್ಕೆ ತಕ್ಕ ಒಂದು ಆವೃತ್ತಿಯಿರುತ್ತದೆ: ಘನ ಸೆಂಟಿಮೀಟರಿಗೆ ಒಂದು ಎಲೆಕ್ಟ್ರಾನ್ ಇದ್ದರೆ ಸುಮಾರು 9 ಕಿಲೋಹರ್ಟ್ಸ್, ನೂರಿದ್ದರೆ 90, ಹತ್ತು ಲಕ್ಷವಿದ್ದರೆ 9,000. ಅದಕ್ಕಿಂತ ಕಡಿಮೆ ಆವೃತ್ತಿಯ ಅಲೆ ಒಳಹೊಕ್ಕಲಾರದೆ ಹಿಂದಿರುಗುತ್ತದೆ. ಆದ್ದರಿಂದ ಆವೃತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ, ಪ್ರತಿಧ್ವನಿ ಬರಲು ತಗಲುವ ಕಾಲವನ್ನು ಗುರುತಿಸಿಕೊಂಡರೆ ಎಷ್ಟು ದೂರದಲ್ಲಿ ಎಷ್ಟು ಸಾಂದ್ರತೆಯಿದೆ ಎಂಬುದು ತಿಳಿಯುತ್ತದೆ. ಆದರೆ ನೆಲದಿಂದ ನೋಡುವವರಿಗೆ ಸುಮಾರು 300 ಕಿ.ಮೀ. ಎತ್ತರದ ಅತಿ ದಟ್ಟ ಪದರವೇ ಮರೆ. ಅದನ್ನೂ ಭೇದಿಸಿ ಹೋದ ಅಲೆ ಮರಳಿ ಬರುವುದಿಲ್ಲ.

ಮರೆಯ ಆಚೆಯಿಂದ ನೋಡಲು 1962ರ ಸೆಪ್ಟೆಂಬರ್ 29ರಂದು ಕೆನಡಾದ ಅಲೂಯೆಟ್-1 ಕಕ್ಷೆಗೇರಿತು. ಅಳತೆಯ ಉಕ್ಕಿನ ಟೇಪು ಸುರುಳಿ ಬಿಚ್ಚಿಕೊಳ್ಳುವಂತೆ ಅದರ ಆಂಟೆನಾಗಳು ಹೊರಚಾಚಿದವು; ದೊಡ್ಡದು ತುದಿಯಿಂದ ತುದಿಗೆ ಸುಮಾರು 45 ಮೀಟರ್. ಮಾಹಿತಿ ಕೂಡಿಡುವ ರೆಕಾರ್ಡರ್ ಅದರಲ್ಲಿರಲಿಲ್ಲ, ನೆಲದ ಕೇಂದ್ರವೊಂದರ ಮೇಲೆ ಹಾಯುವಾಗ ಮಾತ್ರ ಅದರ ಅಳತೆ ನಮಗೆ ದಕ್ಕುತ್ತಿತ್ತು. ಒಂದು ವರ್ಷ ಬಾಳಲೆಂದು ಕಟ್ಟಿದ ಈ ಉಪಗ್ರಹ ಹತ್ತು ವರ್ಷ ದುಡಿಯಿತು; ಅದರ ಹಿಂದೆಯೇ ಅಲೂಯೆಟ್-2, ಐಸಿಸ್-1, ಐಸಿಸ್-2 ಬಂದವು. ಇವುಗಳ ಅಳತೆಗಳನ್ನು ನೆಲದಲ್ಲಿ ತುಂಬಿಟ್ಟ ಕಾಂತ ಟೇಪುಗಳನ್ನು ಇಟ್ಟುಕೊಳ್ಳುವ ಖರ್ಚೇ ಭಾರವಾಗಿ, ಎಲ್ಲವನ್ನೂ ವಿಲೇವಾರಿ ಮಾಡುವ ಮಾತು ಬಂದಾಗ, ಕೆಲವು ವಿಜ್ಞಾನಿಗಳು ಆಯ್ದ ಭಾಗವನ್ನಾದರೂ ಉಳಿಸಿಕೊಂಡು ಡಿಜಿಟಲ್ ರೂಪಕ್ಕೆ ತಂದರು. ಉಳಿಯದೆ ಹೋದ ಟೇಪುಗಳಲ್ಲಿದ್ದ ಆಕಾಶ ಮತ್ತೆ ಸಿಗುವಂಥದ್ದಲ್ಲ.

ಇನ್ನೂ ಮೇಲಿನ ಪ್ಲಾಸ್ಮಾಗೋಳದ ಕತೆ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. ಮಿಂಚಿನಿಂದ ಹುಟ್ಟಿ ಕಾಂತರೇಖೆಗುಂಟ ಇನ್ನೊಂದು ಗೋಳಾರ್ಧಕ್ಕೆ ಸಾಗುವ ಸಿಳ್ಳೆಯಂಥ ಅಲೆಗಳನ್ನು 1950ರ ದಶಕದಲ್ಲಿ ಸ್ಟೋರಿ ವಿವರಿಸಿದರು. ಹೊದಿಕೆಗೆ ಥಟ್ಟನೆ ಮುಗಿಯುವ ಅಂಚೊಂದಿದೆ ಎಂಬುದನ್ನು ಗ್ರಿಂಗೌಜ್ ಸೋವಿಯತ್ ನೌಕೆಗಳ ಅಳತೆಯಿಂದಲೂ ಕಾರ್ಪೆಂಟರ್ ಅಂಥ ಸಿಳ್ಳೆಗಳಿಂದಲೂ ಕಂಡುಕೊಂಡರು.

ಎರಡೂ ದಾರಿಗಳು ಕೂಡಿದ್ದು 2000ದ ಮಾರ್ಚ್ 25ರಂದು ಹಾರಿದ ಇಮೇಜ್ ನೌಕೆಯಲ್ಲಿ. ಧ್ರುವಗಳ ಮೇಲೆ ಹಾಯುವ ಉದ್ದನೆಯ ಕಕ್ಷೆಯಲ್ಲಿ ಅದು 1,000 ಕಿ.ಮೀ.ನಿಂದ ಸುಮಾರು 46,000 ಕಿ.ಮೀ. ಎತ್ತರದವರೆಗೆ ಏರಿಳಿಯುತ್ತಿತ್ತು. ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕೇಂದ್ರದ ಬೋಡೊ ರೈನಿಶ್ ಅವರ ತಂಡದ ರೇಡಿಯೊ ಉಪಕರಣ ಅದರಲ್ಲಿತ್ತು. 3 ಕಿಲೋಹರ್ಟ್ಸ್‌ನಿಂದ 3 ಮೆಗಾಹರ್ಟ್ಸ್‌ವರೆಗೆ ಕೂಗಬಲ್ಲ ಈ ಉಪಕರಣದ ಪ್ರೇಷಕಕ್ಕೆ ಸುಮಾರು 10 ವಾಟ್ ಶಕ್ತಿ, ಮನೆಯ ಒಂದು ಎಲ್ಇಡಿ ಬಲ್ಬು ಬಳಸುವಷ್ಟು. 30,000 ಕಿ.ಮೀ. ದೂರದ ಅಂಚಿಗೆ ತಾಗಿ ಬರುವ ಪ್ರತಿಧ್ವನಿಗೆ 0.2 ಸೆಕೆಂಡು ಸಾಕು, ಆದರೆ ಅದು ಎಷ್ಟು ಕ್ಷೀಣವೆಂದರೆ, ತುದಿಯಿಂದ ತುದಿಗೆ ಅರ್ಧ ಕಿಲೋಮೀಟರ್ ಉದ್ದದ ತಂತಿಯ ಆಂಟೆನಾಗಳೇ ಬೇಕಾಗಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅವುಗಳಲ್ಲೊಂದು ತನ್ನ ಒಂದು ಭಾಗವನ್ನು ಕಳೆದುಕೊಂಡಿತು. ಕೆಲಸ ನಿಲ್ಲಲಿಲ್ಲ.

ದೂರದ ಅಂಚಿನಿಂದ ಪ್ರತಿಧ್ವನಿ ಬರುವುದೆಂಬ ನಿರೀಕ್ಷೆ ಮೊದಲೇ ಇತ್ತು. ಎಲ್ಲರ ಗಮನ ಸೆಳೆದದ್ದು ಇನ್ನೊಂದು ಬಗೆಯ ಪ್ರತಿಧ್ವನಿ. ಕಾಲುವೆಯಲ್ಲಿ ಬಿಟ್ಟ ನೀರಿನಂತೆ ಕಾಂತರೇಖೆಯ ಜಾಡು ಹಿಡಿದು ಹೋದ ಅಲೆಗಳು ಒಂದು ಗೋಳಾರ್ಧದ ತುದಿಯಿಂದಲೂ, ಕೆಲವೊಮ್ಮೆ ಎದುರು ಗೋಳಾರ್ಧದ ತುದಿಯಿಂದಲೂ ಮರಳುತ್ತಿದ್ದವು. ಹೀಗಾಗಿ ಇಡೀ ರೇಖೆಗುಂಟ ಎಲೆಕ್ಟ್ರಾನುಗಳ ಸಾಂದ್ರತೆ ಹೇಗೆ ಹಂಚಿಕೊಂಡಿದೆ ಎಂಬುದು ಸುಮಾರು ಒಂದು ನಿಮಿಷದಲ್ಲಿ ದೊರೆಯುತ್ತಿತ್ತು. 28 ಗಂಟೆಗಳ ಅಂಕಿ ಬಂದದ್ದು ಇಂಥ ಅಳತೆಗಳಿಂದ. ಆಗಿನ ಸಿದ್ಧಾಂತಗಳು ಹೇಳುತ್ತಿದ್ದುದಕ್ಕಿಂತ ಅದು ಬೇಗನೆ ಮುಗಿದ ಮರುಪೂರಣವಾಗಿತ್ತು.

2005ರ ಡಿಸೆಂಬರ್ 18ರಂದು ಇಮೇಜ್ ಮಾತು ನಿಲ್ಲಿಸಿತು. ವಿದ್ಯುತ್ ನಿಯಂತ್ರಕವೊಂದು ಪ್ರೇಷಕದ ಸಂಪರ್ಕವನ್ನು ಕಡಿದಿರಬೇಕೆಂದು ತೀರ್ಮಾನಿಸಲಾಯಿತು. 2007ರಲ್ಲಿ ನೌಕೆ ಭೂಮಿಯ ನೆರಳನ್ನು ಹೊಕ್ಕ ದೀರ್ಘ ಗ್ರಹಣದಲ್ಲಿ ಬ್ಯಾಟರಿ ಬರಿದಾಗಿ ಎಲ್ಲವೂ ಮೊದಲಿನಿಂದ ಚಾಲೂ ಆಗಬಹುದೆಂಬ ಆಸೆಯೂ ಫಲಿಸದಿದ್ದಾಗ ಯೋಜನೆಯನ್ನು ಮುಚ್ಚಲಾಯಿತು. 2018ರ ಜನವರಿಯಲ್ಲಿ ಬೇರೊಂದು ಉಪಗ್ರಹವನ್ನು ಹುಡುಕುತ್ತಿದ್ದ ಕೆನಡಾದ ಹವ್ಯಾಸಿ ಸ್ಕಾಟ್ ಟಿಲ್ಲಿಯವರಿಗೆ ಅದರ ದನಿ ಕೇಳಿಸಿತು. ಆ ಹೊತ್ತಿಗೆ ನೌಕೆಯನ್ನು ನಡೆಸುತ್ತಿದ್ದ ಬಗೆಯ ಕಂಪ್ಯೂಟರುಗಳಾಗಲಿ ತಂತ್ರಾಂಶಗಳಾಗಲಿ ಬಳಕೆಯಲ್ಲಿರಲಿಲ್ಲ. ಅವನ್ನು ಹೊಸದಾಗಿ ಹೊಂದಿಸಿಕೊಂಡು ಸಂಪರ್ಕ ಸಾಧಿಸಿದರೂ ಅದೇ ವರ್ಷದ ಆಗಸ್ಟ್ ವೇಳೆಗೆ ನೌಕೆ ಮತ್ತೆ ಮೌನವಾಯಿತು. ಮುಚ್ಚಿದ ಯೋಜನೆಗೂ ವರ್ಷಕ್ಕೆ ಕೆಲವು ಗಂಟೆ ಕಿವಿಗೊಡುವ ಪದ್ಧತಿ ಇದ್ದಿದ್ದರೆ ಆ ದನಿ ಬೇಗನೆ ಕೇಳಿಸುತ್ತಿತ್ತೇನೋ ಎಂದು ಅನ್ನಿಸದೆ ಇರದು.

ನಂತರ ಭೂಮಿಯ ಕಾಂತಗೋಳಕ್ಕೆ ಇಷ್ಟು ದೂರದಿಂದ ಕೂಗಿ ಪ್ರತಿಧ್ವನಿ ಕೇಳುವ ನೌಕೆ ಇನ್ನೊಂದು ಹೋಗಲಿಲ್ಲ. ಮಂಗಳನ ಅಯಾನುಗೋಳವನ್ನು ಮಾರ್ಸ್ ಎಕ್ಸ್‌ಪ್ರೆಸ್ 2005ರಿಂದ ಇದೇ ತತ್ತ್ವದಲ್ಲಿ ಶೋಧಿಸುತ್ತಾ ಬಂದಿದೆ. ನಮ್ಮದೇ ಗ್ರಹದ ಹೊದಿಕೆಗೆ ಆ ಭಾಗ್ಯವಿಲ್ಲ.

2024ರ ಬಿರುಗಾಳಿಯಲ್ಲಿ ಮರುಪೂರಣ ನಿಧಾನವಾದದ್ದು ಏಕೆಂಬುದಕ್ಕೆ ಸಿಕ್ಕ ಉತ್ತರವೆಂದರೆ, ಕೆಳಗಿನ ಅಯಾನುಗೋಳವೇ ಬಡವಾಗಿ ಮೇಲಕ್ಕೆ ಪೂರೈಕೆ ಕುಂದಿತು ಎಂಬುದು. ಅರಾಸೆ ಹಾದುಹೋದ ಬಿಂದುಗಳ ಅಳತೆಗಳನ್ನು ನೆಲದ ಜಿಪಿಎಸ್ ಗ್ರಾಹಕಗಳಿಂದ ದೊರೆತ ಅಯಾನುಗೋಳದ ಎಲೆಕ್ಟ್ರಾನುಗಳ ಲೆಕ್ಕಕ್ಕೆ ಜೋಡಿಸಿ ಆ ಉತ್ತರವನ್ನು ಕಟ್ಟಬೇಕಾಯಿತು. ಇಡೀ ರೇಖೆಯನ್ನು ಒಂದು ನಿಮಿಷದಲ್ಲಿ ಅಳೆಯುತ್ತಿದ್ದ ಉಪಕರಣ ಆ ನಾಲ್ಕು ದಿನವೂ ಕಕ್ಷೆಯಲ್ಲಿಯೇ ಸುತ್ತುತ್ತಿತ್ತು, ಮೂಕವಾದ ನೌಕೆಯೊಳಗೆ.