ಪಾಯಿಂಟ್ ಹೋದಾಗ ಮಗು ಎತ್ತ ನೋಡುತ್ತದೆ?

ಬ್ಯಾಡ್ಮಿಂಟನ್ ಕೋಚ್ ಆಗಿ ಮಕ್ಕಳ ಮ್ಯಾಚ್‌ನಲ್ಲಿ ನಾನು ಮೊದಲು ಗಮನಿಸುವುದು ಸ್ಮ್ಯಾಶ್ ಅಲ್ಲ. ಪಾಯಿಂಟ್ ಹೋದ ಕೂಡಲೇ ಮಗು ಎತ್ತ ನೋಡುತ್ತದೆ ಅನ್ನುವುದನ್ನು. ತುಂಬಾ ಮಕ್ಕಳು ಗ್ಯಾಲರಿ ಕಡೆ ತಿರುಗುತ್ತಾರೆ, ಅಪ್ಪನ ಮುಖ ಹೇಗಿದೆ ಅಂತ.

ಆ ಒಂದು ನೋಟ ಮಗುವಿನ ಆಟವನ್ನೇ ಬದಲಿಸುತ್ತದೆ. 11 ವರ್ಷದೊಳಗಿನವರಲ್ಲಿ ಗೆಲ್ಲಲು ಸುಲಭದ ದಾರಿಯೊಂದಿದೆ. ಶಟಲ್ ಅನ್ನು ಎತ್ತರಕ್ಕೆ, ಹಿಂದಿನ ಗೆರೆಯವರೆಗೆ ಹೊಡೆಯುತ್ತಾ ಇದ್ದರಾಯಿತು. ಅಷ್ಟು ಹಿಂದಿನಿಂದ ಸ್ಮ್ಯಾಶ್ ಮಾಡುವ ಬಲ ಎದುರಿನ ಪುಟ್ಟ ಮಗುವಿಗೆ ಇರುವುದಿಲ್ಲ. ಕಪ್ ಸಿಗುತ್ತದೆ, ಮನೆಯಲ್ಲಿ ಸಂಭ್ರಮ. 15ನೇ ವಯಸ್ಸಿಗೆ ಬಂದಾಗ ಎದುರಾಳಿಗಳ ಭುಜ ಬಲಿತಿರುತ್ತದೆ. ಎತ್ತಿ ಹೊಡೆದದ್ದೆಲ್ಲ ಸ್ಮ್ಯಾಶ್ ಆಗಿ ವಾಪಸ್ ಬರುತ್ತದೆ. ಡ್ರಾಪ್ (ಶಟಲ್ ಅನ್ನು ನೆಟ್ ದಾಟಿದ ಕೂಡಲೇ ಬೀಳುವಂತೆ ಮೆಲ್ಲಗೆ ಹೊಡೆಯುವುದು), ನೆಟ್ ಹತ್ತಿರದ ಆಟ ಕಲಿಯಬೇಕಿದ್ದ ವರ್ಷಗಳು ಆಗಲೇ ಮುಗಿದಿರುತ್ತವೆ.

ಯಾಕೆ ಕಲಿಯಲಿಲ್ಲ? ಡ್ರಾಪ್ ಕಲಿಯುವಾಗ ಶಟಲ್ ಮತ್ತೆ ಮತ್ತೆ ನೆಟ್‌ಗೆ ಬೀಳುತ್ತದೆ. ಬಿದ್ದಾಗಲೆಲ್ಲ ಗ್ಯಾಲರಿಯಲ್ಲಿ ಮುಖ ಸಪ್ಪಗಾದರೆ ಯಾವ ಮಗು ತಾನೇ ಮತ್ತೆ ಪ್ರಯತ್ನಿಸುತ್ತದೆ? ಗ್ರಿಪ್, ಅಂದರೆ ರಾಕೆಟ್ ಹಿಡಿಯುವ ರೀತಿ, ತಿದ್ದುವಾಗಲೂ ಇದೇ ಕಥೆ. ಕೆಲವು ತಿಂಗಳು ಆಟ ಹಿಂದೆ ಬೀಳುತ್ತದೆ. ಅಷ್ಟರಲ್ಲೇ "ಸರ್, ಮೊದಲೇ ಚೆನ್ನಾಗಿ ಆಡ್ತಿದ್ಲು ಅಲ್ವಾ?" ಅಂತ ಪೋಷಕರು ಬರುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಆ ಮಾತು ಮಗುವಿನ ಎದುರು ಬೇಡ.

ಇನ್ನೊಂದು ವಿಷಯ. ಟೂರ್ನಿಗಳಲ್ಲಿ ವಯಸ್ಸಿನ ಲೆಕ್ಕ ಜನವರಿ 1ಕ್ಕೆ. ಹಾಗಾಗಿ ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಅದೇ ವರ್ಷದ ಜನವರಿಯಲ್ಲಿ ಹುಟ್ಟಿದ, ತನಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರ ಜೊತೆ ಆಡುತ್ತಿರುತ್ತದೆ. ಹತ್ತನೇ ವಯಸ್ಸಿನಲ್ಲಿ ಅದು ಜಾಸ್ತಿನೇ ಅಂತರ. ಅದನ್ನು ನೋಡಿ ಪ್ರತಿಭೆ ಇಲ್ಲ ಅಂದುಬಿಡಬೇಡಿ.

ಪ್ರಕಾಶ್ ಪಡುಕೋಣೆ ಅವರಿಗೆ ಆಟ ಹಚ್ಚಿದ್ದು ತಂದೆ ರಮೇಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಕಲಿಕೆ, ಅದು ಮದುವೆ ಹಾಲ್ ಕೂಡ ಆಗಿದ್ದರಿಂದ ಮದುವೆ ಇದ್ದ ದಿನ ಆಟವಿಲ್ಲ. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಅವರು ಸೋತರು. ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು. ಬ್ಯಾಡ್ಮಿಂಟನ್‌ನ ಪ್ರತಿಷ್ಠಿತ ಟೂರ್ನಿ ಆಲ್ ಇಂಗ್ಲೆಂಡ್ ಗೆದ್ದದ್ದು 1980ರಲ್ಲಿ. ಮೊದಲ ಸುತ್ತಿನ ಸೋಲು ಎಂದಾಗಲೆಲ್ಲ ನನಗೆ ಈ ವರ್ಷಗಳೇ ನೆನಪಾಗುತ್ತವೆ.

ಸೋತ ದಿನ ಮಗು ಸ್ಕೂಟರ್ ಹಿಂದೆ ಸುಮ್ನೆ ಕೂತಿರುತ್ತದೆ. ಆಗ ಮ್ಯಾಚ್ ವಿಷಯ ಎತ್ತಬೇಡಿ. ಹಸಿವಾಗಿದೆಯಾ ಅಂತ ಕೇಳಿ. ಮಗುವೇ ಹೇಳಿಕೊಂಡರೆ ಕೇಳಿಸಿಕೊಳ್ಳಿ. ತಪ್ಪು ತಿದ್ದುವ ಕೆಲಸ ನಮ್ಮದು, ಅದನ್ನು ಮರುದಿನ ಕೋರ್ಟ್‌ನಲ್ಲಿ ಮಾಡುತ್ತೇವೆ.