ಮಧ್ಯಪದ ಒಡೆಯುವುದು ಬರೀ ಊಹೆಯೇ?

ಪ್ರಶ್ನೆ: ವರ್ಗ ಸಮೀಕರಣವನ್ನು ಅಪವರ್ತನದಿಂದ ಬಿಡಿಸುವಾಗ ಮಧ್ಯಪದವನ್ನು ಯಾವ ಎರಡು ಸಂಖ್ಯೆಗಳಾಗಿ ಒಡೆಯಬೇಕು ಅಂತ ಹೊಳೆಯುವುದೇ ಇಲ್ಲ. ಊಹಿಸುತ್ತಾ ಕೂರಬೇಕಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಮೂಡಿಗೆರೆ

ಊಹೆ ಅಲ್ಲಮ್ಮ. ‘ಮೊದಲನೆಯದನ್ನೂ ಕೊನೆಯದನ್ನೂ ಗುಣಿಸು’ ಅಂತಷ್ಟೇ ಹೇಳಿ, ಯಾಕೆ ಅನ್ನುವುದನ್ನು ಬಿಟ್ಟರೆ ಹಾಗೆ ಕಾಣುತ್ತದೆ. ನಿಮ್ಮ ಕಡೆಯದೇ ಒಂದು ಲೆಕ್ಕ ಹಿಡಿಯೋಣ.

ಕಾಫಿ ಒಣಗಿಸುವ ಕಣದ ಉದ್ದ, ಅಗಲದ ಎರಡರಷ್ಟಕ್ಕಿಂತ 3 ಮೀಟರ್ ಹೆಚ್ಚು. ವಿಸ್ತೀರ್ಣ 90 ಚದರ ಮೀಟರ್. (ದೊಡ್ಡ ತೋಟದವರು ನಗಬಹುದು, ಲೆಕ್ಕಕ್ಕೆ ಇಷ್ಟು ಕಣ ಸಾಕು.) ಅಗಲ ಕ್ಷ ಅಂದುಕೊಂಡರೆ:

ಕ್ಷ(2ಕ್ಷ + 3) = 90

ಇಲ್ಲೇ 90ನ್ನು ಒಡೆಯಲು ಹೋಗಬೇಡ. ಎರಡರ ಗುಣಲಬ್ಧ ಸೊನ್ನೆಯಾದರೆ ಮಾತ್ರ ‘ಒಂದಾದರೂ ಸೊನ್ನೆ’ ಎಂದು ಖಚಿತವಾಗಿ ಹೇಳಬಹುದು. 90 ಆದರೆ ಏನೂ ಹೇಳಲಾಗದು. ಎಲ್ಲವನ್ನೂ ಒಂದೇ ಕಡೆ ತಾ:

2ಕ್ಷ² + 3ಕ್ಷ − 90 = 0

2 × (−90) = −180. ಗುಣಿಸಿದರೆ −180, ಕೂಡಿದರೆ 3 ಬರುವ ಜೋಡಿ ಬೇಕು. ಗುಣಲಬ್ಧ ಋಣ, ಹಾಗಾಗಿ ಒಂದು ಧನ, ಇನ್ನೊಂದು ಋಣ. ಚಿಹ್ನೆ ಬಿಟ್ಟು ನೋಡಿದರೆ ಎರಡಕ್ಕೂ ವ್ಯತ್ಯಾಸ ಬರೀ 3. ಅಂದರೆ ಎರಡೂ ಹತ್ತಿರ ಹತ್ತಿರದ ಸಂಖ್ಯೆಗಳು. 1 × 180ರಿಂದ ಶುರುಮಾಡುವುದು ದಂಡ. 13ರ ವರ್ಗ 169, 14ರದ್ದು 196. ಆ ಆಸುಪಾಸಿನಲ್ಲೇ ಹುಡುಕು. 180 ಅನ್ನು 13 ಭಾಗಿಸುವುದಿಲ್ಲ, 12 ಭಾಗಿಸುತ್ತದೆ: 12 × 15. ಮಧ್ಯದಲ್ಲಿರುವುದು +3, ಆದ್ದರಿಂದ ದೊಡ್ಡದಕ್ಕೆ ಧನ ಚಿಹ್ನೆ.

2ಕ್ಷ² + 15ಕ್ಷ − 12ಕ್ಷ − 90 = 0
ಕ್ಷ(2ಕ್ಷ + 15) − 6(2ಕ್ಷ + 15) = 0
(2ಕ್ಷ + 15)(ಕ್ಷ − 6) = 0

ಮೂಲಗಳು 6 ಮತ್ತು −7.5. ಅಗಲ ಋಣವಾಗದು, ಹಾಗಾಗಿ 6 ಮೀಟರ್, ಉದ್ದ 15.

ಈಗ ‘ಯಾಕೆ’ಗೆ ಬರೋಣ. ಕೊನೆಯ ಸಾಲನ್ನು ಹಿಂದಕ್ಕೆ ಗುಣಿಸಿ ನೋಡು. ಮಧ್ಯಪದದ ಒಂದು ತುಂಡು 2 × (−6), ಇನ್ನೊಂದು 15 × 1. ಈ ಎರಡು ತುಂಡುಗಳನ್ನು ಗುಣಿಸಿದರೆ ಸೇರುವುದು 2, −6, 15, 1 ಎಂಬ ನಾಲ್ಕು ಸಂಖ್ಯೆಗಳು. ಮೊದಲ ಪದದ 2 × 1, ಕೊನೆಯ ಪದದ 15 × (−6), ಅಲ್ಲಿರುವುದೂ ಇವೇ ನಾಲ್ಕು. ಜೋಡಿಸಿದ ರೀತಿ ಬೇರೆ, ಗುಣಲಬ್ಧ ಒಂದೇ. ಯಾವ ಅಪವರ್ತನ ತೆಗೆದುಕೊಂಡರೂ ಹೀಗೇ.

ಎಲ್ಲ ಸಮೀಕರಣವೂ ಹೀಗೆ ಒಡೆಯುತ್ತದೆ ಅಂದುಕೊಳ್ಳಬೇಡ. ವಿಸ್ತೀರ್ಣ 90ರ ಬದಲು 100 ಇದ್ದಿದ್ದರೆ, ರಾತ್ರಿಯಿಡೀ ಕೂತರೂ ಪೂರ್ಣಾಂಕಗಳ ಜೋಡಿ ಸಿಗುತ್ತಿರಲಿಲ್ಲ. ಮೊದಲೇ ಗೊತ್ತುಮಾಡಿಕೊಳ್ಳಲು ಶೋಧಕವಿದೆ: ಮಧ್ಯದ ಸಹಗುಣಕದ ವರ್ಗದಿಂದ ಮೊದಲ ಮತ್ತು ಕೊನೆಯವುಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆ. ಬಂದದ್ದು ಪೂರ್ಣವರ್ಗವಾದರೆ ಮಾತ್ರ ಪೂರ್ಣಾಂಕಗಳ ಜೋಡಿ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ 9 + 720 = 729, ಅದು 27ರ ವರ್ಗ. ನೂರರ ಲೆಕ್ಕದಲ್ಲಿ 9 + 800 = 809, ಪೂರ್ಣವರ್ಗವಲ್ಲ. ಉತ್ತರವಂತೂ ಇದೆ, ಅಗಲ ಸುಮಾರು 6.36 ಮೀಟರ್, ಆದರೆ ಅದಕ್ಕೆ ಸೂತ್ರವೇ ಬೇಕು.

ಪರೀಕ್ಷೆಯಲ್ಲಿ ‘ಅಪವರ್ತನ ವಿಧಾನದಿಂದ ಬಿಡಿಸಿ’ ಎಂದೇ ಕೇಳಿದ್ದು, ಸಹಗುಣಕಗಳೆಲ್ಲ ಪೂರ್ಣಾಂಕವಾಗಿದ್ದೂ ಶೋಧಕ ಪೂರ್ಣವರ್ಗ ಬಾರದಿದ್ದರೆ, ಜೋಡಿ ಹುಡುಕುವುದನ್ನು ಬಿಟ್ಟು ಸಮೀಕರಣ ಇಳಿಸಿಕೊಂಡ ಸಾಲನ್ನು ಇನ್ನೊಮ್ಮೆ ನೋಡು. ಹೆಚ್ಚಿನ ಸಲ ಅಲ್ಲೊಂದು ಚಿಹ್ನೆ ತಪ್ಪಿರುತ್ತದೆ.